ಚೆಂಡಿಯಾದ ಕೆಂಪು ಏಡಿ
ಅಂಕೋಲೆಯ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವ ಶನಿಯಾರ ಗೌಡರಿಗೆ ಯಾವ ಜೀವಿ ಕಂಡರೂ ಅದರ ಮುತ್ತಜ್ಜನ ಊರು ತಿಳಿಯದೆ ಸಮಾಧಾನವಿಲ್ಲ. ಕಾರವಾರದ ಮೀನುಪೇಟೆಯಲ್ಲಿ "ಎಲ್ಲಿ ಏಡಿ ಇದು?" ಎಂದು ಕೇಳುತ್ತಾರೆ, ಮಾರುವವಳು "ಬೇಲೆಕೇರಿದು, ತಾಜಾ ಅದೆ" ಎಂದರೆ, "ಈಗಿಂದಲ್ಲ ಬಾಯಿ, ಕೋಟಿ ವರ್ಷದ ಹಿಂದೆ ಎಲ್ಲಿತ್ತು?" ಎಂದು ಚೀಲ ಹಿಡಿದು ನಿಲ್ಲುತ್ತಾರೆ. ಗದ್ದೆಯ ಏಡಿಗಳು ಇಂದು ಎಲ್ಲೆಲ್ಲಿವೆ (ಇದ್ದ ಊರಿಗೆ ಒಂದು, ಇಲ್ಲದ್ದಕ್ಕೆ ಸೊನ್ನೆ), ಯಾವುದು ಯಾವುದಕ್ಕೆ ನಂಟು ಎಂದು ತುಂಬಿಸಿದರೆ, ಪೂರ್ವಜರು ಎಲ್ಲಿದ್ದಿರಬಹುದೆಂದು ಊಹಿಸಿ ವಂಶವೃಕ್ಷದ ಕವಲುಗಳಲ್ಲಿ ಊರಿಗೊಂದು ಬಣ್ಣದ ಚಕ್ರ ಬಿಡಿಸುವ ಸಾಫ್ಟ್‌ವೇರ್ ಅವರ ಕಂಪ್ಯೂಟರಿನಲ್ಲಿದೆ. ಅದು ಓಡುವಾಗ ಲ್ಯಾಬಿನಲ್ಲಿ ಯಾರೂ ಕೆಮ್ಮುವಂತಿಲ್ಲ. "ತಡೀರಿ, ಅಜ್ಜ ಬರ್ತಾ ಇದ್ದ" ಎನ್ನುತ್ತಾರೆ. ಬಣ್ಣ ಮೂಡಿದ ದಿನ ಎಲ್ಲರಿಗೂ ಚಹಾ. ಕಳೆದ ವಾರ ಕಣ್ಣಿನ ಡಾಕ್ಟರಲ್ಲಿಗೆ ಹೋಗಿ ಬರುತ್ತ ತಾಯಿ ಗಂಗೆ ಲ್ಯಾಬಿಗೆ ಬಂದರು. ನೌಕಾನೆಲೆಗೆ ಜಮೀನು ಹೋದಾಗ ಪುಟ್ಟ ಮಗನ ಕೈಹಿಡಿದು ತಮ್ಮೂರು ಚೆಂಡಿಯಾ ಬಿಟ್ಟವರು ಅವರು. ಪರದೆಯ ಮೇಲಿನ ನಕ್ಷೆ ನೋಡಿ, "ಚೆಂಡಿಯಾ ಎಲ್ಲದೆಯೋ ತಮಾ?" ಎಂದರು. "ಅಲ್ಲಿಂದು ಒಂದೂ ಏಡಿ ಸಿಕ್ಕಲಿಲ್ಲ ಅವ್ವೆ. ಆ ಗದ್ದೆಗೆ ಈಗ ಹೋಗೂಕೆ ಬಿಡೂದಿಲ್ಲ. ಅದ್ಕೇ ಸೊನ್ನೆ ಹಾಕಿದ್ದೆ." "ಸೊನ್ನೆಯೋ!" ಗಂಗೆಯ ದನಿ ಏರಿತು. "ಮೊದಲ ಮಳೆಗೆ ಗದ್ದೆ ತುಂಬಾ ಕೆಂಪು ಏಡಿ ಬರ್ತಿದ್ದೋ. ನೀ ಹೆದ್ರಿ ನನ್ ಸೊಂಟ ಹತ್ತತಿದ್ದೆ!" ಶನಿಯಾರರು ಆ ಸೊನ್ನೆಯನ್ನು ಅಳಿಸಿದರು. ಏಡಿಯ ಮಾದರಿ ಕೈಯಲ್ಲಿಲ್ಲದೆ ಒಂದು ಎಂದು ಬರೆಯಲು ಅವರ ಶಾಸ್ತ್ರ ಒಪ್ಪದು. ಜಾಗ ಖಾಲಿ ಉಳಿಯಿತು. ಕುರ್ಚಿ ಎಳೆದು ತಾಯಿಯನ್ನು ಕೂರಿಸಿ, ನೋಟ್‌ಬುಕ್ಕು ತೆರೆದು, "ಎಷ್ಟು ದೊಡ್ಡವಿದ್ದೋ ಅವ್ವೆ? ಮೊದಲಿಂದ ಹೇಳು" ಎಂದರು.