ಮಾಡಿದವರು ಯಾರೆಂದು ಕೇಳುವ ಉಡಚಪ್ಪ

ಬೆಳಗಿನ ಆರೂವರೆ. ನವಲಗುಂದದ ಬಸ್ ನಿಲ್ದಾಣಕ್ಕೆ ಹಳ್ಳಿಗಳಲ್ಲಿ ರಾತ್ರಿ ತಂಗಿದ್ದ ವಸ್ತಿ ಬಸ್ಸುಗಳು ಒಂದೊಂದಾಗಿ ಬಂದು ನಿಲ್ಲುತ್ತಿವೆ. ಸರ್ಕಾರಿ ಕಚೇರಿಗಳ ಬಾಗಿಲು ತೆರೆಯಲು ಇನ್ನೂ ಮೂರೂವರೆ ಗಂಟೆ ಇದೆ. ಆದರೆ ಆವರಣದ ಬೇವಿನ ಮರದ ಕೆಳಗೆ ಉಡಚಪ್ಪ ದೊಡ್ಡಮನಿ ಆಗಲೇ ಮಡಚುವ ಟೇಬಲ್ ಬಿಚ್ಚಿ, ಒದ್ದೆ ಬಟ್ಟೆಯಿಂದ ಒರೆಸಿ, ಹಾಳೆಗಳು ಹಾರದಂತೆ ಹೆಂಚಿನ ಚೂರು ಇಟ್ಟು ಕೂತಿದ್ದಾರೆ. ಮೊದಲ ಬಸ್ಸಿನಿಂದ ಇಳಿದ ಮುದುಕರೊಬ್ಬರು ಎದುರಿಗೆ ಕುಕ್ಕರಗಾಲಲ್ಲಿ ಕೂತು, "ಹೊಲದಾಗಿನ ಪೈಪ್ ಒಡದೈತ್ರಿ, ಅರ್ಜಿ ಬರೀರಿ" ಅನ್ನುತ್ತಾರೆ. ಉಡಚಪ್ಪ ಪೆನ್ನು ಎತ್ತುವುದಿಲ್ಲ. "ಒಡದೈತೋ, ಒಡದಾರೋ?" ಮುದುಕರು ಸುತ್ತಮುತ್ತ ನೋಡಿ, ದನಿ ತಗ್ಗಿಸಿ, "ಒಡದಾರ್ರಿ" ಅನ್ನುತ್ತಾರೆ. "ಒಡದಾಂವ ಯಾರು?" ಈ ಪ್ರಶ್ನೆಗೆ ಉತ್ತರ ಬರಲು ಒಂದು ಚಹಾ ಕುಡಿಯುವಷ್ಟು ಹೊತ್ತು ಹಿಡಿಯುತ್ತದೆ.

ಅರ್ಜಿ ಬರೆಯುವುದು ಉಡಚಪ್ಪನವರ ಕೆಲಸ. ವಯಸ್ಸು ಅರವತ್ಮೂರು, ಈ ಮರದ ಕೆಳಗೆ ಕೂತು ನಲವತ್ತೊಂದು ವರ್ಷ. ಬರೆಯಲು ಬಾರದವರು ಬರುತ್ತಾರೆ, ಬರೆಯಲು ಬಂದರೂ ಕಚೇರಿಯ ಕನ್ನಡ ಬಾರದವರು ಬರುತ್ತಾರೆ, ಕನ್ನಡವೇ ಬಾರದವರೂ ಬರುತ್ತಾರೆ. ಉರ್ದು, ಮರಾಠಿ, ತೆಲುಗು ಯಾವುದರಲ್ಲಿ ಹೇಳಿದರೂ ಇವರು ಕೇಳಿಸಿಕೊಂಡು ಕನ್ನಡದಲ್ಲಿ ಬರೆಯುತ್ತಾರೆ. ನಮ್ಮ ಸಂಪಾದಕರು "ಬಹುಭಾಷಾ ಪಂಡಿತ" ಎಂಬ ತಲೆಬರಹ ಕೊಟ್ಟೇ ನನ್ನನ್ನು ಕಳಿಸಿದ್ದರು. ಮೂರು ದಿನ ಪಕ್ಕದಲ್ಲಿ ಕೂತೆ. ಈಗ ಬರೆಯಲು ಕೂತರೆ ತಲೆಬರಹ ಹೊಂದುತ್ತಿಲ್ಲ. ನಾನೇನೋ ಕನ್ನಡ ಎಂ.ಎ. ಮಾಡಿದವನು, ವ್ಯಾಕರಣಕ್ಕೆ ಒಳ್ಳೆಯ ಅಂಕವನ್ನೂ ತೆಗೆದವನು. ಆದರೂ ಅವರು ಮಾತಾಡುತ್ತಿದ್ದರೆ ಬಹುಪಾಲು ಹೊತ್ತು ಕೋಲೆಬಸವನಂತೆ ತಲೆಯಾಡಿಸಿದ್ದೇ ಆಯಿತು.

ಇಷ್ಟು ಭಾಷೆ ಎಲ್ಲಿ ಕಲಿತಿರಿ ಎಂದು ಕೇಳಿದೆ. ಏಳನೆಯ ತರಗತಿ ಬಿಟ್ಟು ಅಪ್ಪನ ಜೊತೆ ಸೊಲ್ಲಾಪುರಕ್ಕೆ ದುಡಿಯಲು ಹೋದವರು ಇವರು. ಆಮೇಲೆ ಗುಡಗೇರಿಯ ಕಡೆ ರೈಲು ಹಳಿಯ ಕೆಲಸದಲ್ಲಿ ತೆಲುಗಿನವರ ಗ್ಯಾಂಗಿನೊಳಗೆ ಎರಡು ವರ್ಷ ಇದ್ದರು. "ಕೂಲಿಕಾರಗ ಯಾವ ಭಾಷಿಯೊಳಗೂ ಮೊದಲ ಕ್ರಿಯಾಪದನ ಬರ್ತೈತ್ರಿ" ಅನ್ನುತ್ತಾರೆ. "ಸೊಲ್ಲಾಪುರದಾಗ 'ಉಚಲ್' ಅಂದ್ರು, ಎತ್ತಿದ್ನಿ. ತೆಲುಗಿನವ್ರು 'ಪಟ್ಟುಕೋ' ಅಂದ್ರು, ಹಿಡದ್ನಿ. ನನ್ನ ಹೆಸರ ಏನಂತ ಕೇಳಿದವ್ರ ಇಲ್ಲ. ಉರ್ದು ಒಂದ ಬ್ಯಾರೆ. ಬಾಜೂ ಮನಿ ದಾದಿಮಾ ಕರದು ಕುಂದ್ರಿಸಿ 'ಖಾ' ಅಂದಿದ್ಲು, ತಿಂದ್ನಿ. ಅದಕ್ಕ ಉರ್ದು ಲಗೂನ ಬಂತು ನೋಡ್ರಿ."

ಊರಿಗೆ ಮರಳಿ, ಹೊರಗಿನಿಂದ ಹತ್ತನೆಯ ತರಗತಿ ಪಾಸು ಮಾಡಿ, ಇಪ್ಪತ್ತೆರಡನೆಯ ವಯಸ್ಸಿಗೆ ಈ ಮರದ ಕೆಳಗೆ ಕೂತರು. ಮೊದಮೊದಲು ಇವರಿಂದ ಅರ್ಜಿ ಬರೆಸಿಕೊಂಡವರೇ ಹಾಳೆಯನ್ನು ಇವರ ಕೈಯಿಂದ ತೆಗೆದುಕೊಳ್ಳುತ್ತಿರಲಿಲ್ಲ. ಟೇಬಲ್ ಮೇಲೆ ಇಡು ಅನ್ನುತ್ತಿದ್ದರು, ಇಟ್ಟ ಮೇಲೆ ಎತ್ತಿಕೊಳ್ಳುತ್ತಿದ್ದರು. "ನಾ ಬರದ ಅಕ್ಷರಕ್ಕ ಮೈಲಿಗಿ ಇಲ್ಲ, ಬರದ ಕೈಗೆ ಐತಿ. ಅದೂ ಒಂದು ನನಗ ಇವತ್ತಿನತನಾ ತಿಳಿದಿಲ್ರಿ." ಕೇಳಿ ನನಗೆ ಸಿಟ್ಟು ಬಂತು. ಅವರು ಮುಂದಿನ ಅರ್ಜಿಗೆ ಹಾಳೆ ಸರಿಮಾಡಿಕೊಳ್ಳುತ್ತಿದ್ದರು.

ಇವರಿಗೆ ತಿಳಿಯದ್ದರ ಪಟ್ಟಿ ದೊಡ್ಡದಿದೆ. ಬಿಸಿಲೇರುವ ಮೊದಲು, ಜನ ಕಡಿಮೆ ಇರುವಾಗ, ಒಂದೊಂದನ್ನೇ ಬಿಚ್ಚುತ್ತಾರೆ. "ಮರಾಠಿಯೊಳಗ ಗಂಡಸು 'ಮೀ ಗೇಲೋ' ಅಂತಾನ, ಹೆಣ್ಣಮಗಳು 'ಮೀ ಗೇಲೆ' ಅಂತಾಳ. ಕನ್ನಡದಾಗ ಇಬ್ರೂ 'ಹೋದ್ನಿ' ಅಂತಾರ. ಆಕಿ ಅರ್ಜಿ ಕನ್ನಡಕ್ಕ ತಂದ್ರ, ಆಕಿ ಹೆಣ್ಣಾಗಿದ್ದು ಎಲ್ಲಿ ಹೋತ್ರಿ?" ಇನ್ನೊಂದು: "ತೆಲುಗಿನಾಗ ಹೆಂಡ್ತಿ ಬಂದ್ರೂ 'ವಚ್ಚಿಂದಿ', ಎಮ್ಮಿ ಬಂದ್ರೂ 'ವಚ್ಚಿಂದಿ'. ಹೆಂಡ್ತೀನ ಇಳಿಸ್ಯಾರೋ, ಎಮ್ಮೀನ ಏರಿಸ್ಯಾರೋ?" ಮತ್ತೊಂದು: "ಮರಾಠಿಯವ್ರು 'ಮೀ ಭಾಕರ್ ಖಾಲ್ಲೀ' ಅಂತಾರ. ರೊಟ್ಟಿ ಹೆಣ್ಣಂತ, ಅದಕ್ಕ 'ಖಾಲ್ಲೀ'. ತಿಂದಾಂವ ನಾನು. ಕ್ರಿಯಾಪದ ನನ್ನ ಬಿಟ್ಟು ರೊಟ್ಟಿ ಬೆನ್ನ ಹತ್ತೇತಿ." ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಹಾಗೆ ನಾಲ್ಕು ಭಾಷೆಗಳು ನಾಲ್ಕು ಕಡೆ ಎಳೆಯುತ್ತವೆ. ಇವರು ಹಗ್ಗ ಬಿಡದೆ ನಡುವೆ ನಿಂತಿದ್ದಾರೆ. ನನ್ನ ಟಿಪ್ಪಣಿ ಪುಸ್ತಕದಲ್ಲಿ ಆ ಪುಟವನ್ನು ಈಗ ನೋಡಿದರೆ ಯಾವುದು ಹೆಂಡತಿ, ಯಾವುದು ಎಮ್ಮೆ ಎಂದು ಗೊತ್ತಾಗುವುದಿಲ್ಲ.

"ಆದರ ಎಲ್ಲಾಕ್ಕಿಂತ ಖೋಡಿ ಭಾಷಿ ಅಂದ್ರ ಆಫೀಸಿನ ಕನ್ನಡ" ಅನ್ನುತ್ತಾರೆ. ಪರಿಶೀಲಿಸಲಾಗಿದೆ, ಕ್ರಮ ಕೈಗೊಳ್ಳಲಾಗುವುದು, ತಿಳಿಸಲಾಗಿರುತ್ತದೆ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. "ಅಲ್ಲಿ ಯಾರೂ ಏನೂ ಮಾಡಂಗಿಲ್ರಿ. ಎಲ್ಲಾ ತಾನ ಆಕ್ಕೈತಿ." ಹೊಸದರಲ್ಲಿ ಉಡಚಪ್ಪನವರಿಗೂ ಈ ಕನ್ನಡದ ಮೇಲೆ ಭಾರಿ ಮೋಹವಿತ್ತಂತೆ. ಆಗಲೇ ನೀಲಕ್ಕ ಎಂಬ ಒಂಟಿ ಹೆಂಗಸು ಬಂದು, "ನಮ್ಮ ಗ್ವಾಡಿ ಕೆಡವ್ಯಾರ" ಎಂದು ಹೇಳಿ ಅರ್ಜಿ ಬರೆಸಿದರು. ಇವರು ಅದನ್ನು ಚೆಂದ ಮಾಡಿ, "ಗೋಡೆಯು ಬಿದ್ದಿರುತ್ತದೆ" ಎಂದು ಬರೆದರು. ಬಿದ್ದ ಗೋಡೆಗೆ ಯಾರೂ ಹೊಣೆಯಲ್ಲ ಎಂದು ಉತ್ತರ ಬಂತು. "ಆಕಿ ಸರಿ ಹೇಳಿದ್ಲು. ಕೆಡಿಸಿದಾಂವ ನಾನು. ಓದಿ ಹೇಳಿದ್ರ ಅಲ್ಲೇ ಹಿಡೀತಿದ್ಲು. ನಾ ಓದಿ ಹೇಳಲಿಲ್ಲ."

ಅಂದಿನಿಂದ ಎರಡು ರೂಢಿ. ಪ್ರತಿ ಕೆಲಸಕ್ಕೂ ಮಾಡಿದವರು ಯಾರೆಂದು ಕೇಳದೆ ಬರೆಯುವುದಿಲ್ಲ. ಬರೆದದ್ದನ್ನು ಅವರವರ ಭಾಷೆಯಲ್ಲಿ ಎರಡು ಸಲ ಓದಿ ಹೇಳದೆ ಸಹಿ ಹಾಕಿಸುವುದಿಲ್ಲ. ಹೀಗಾಗಿ ಬೇರೆಯವರು ದಿನಕ್ಕೆ ಇಪ್ಪತ್ತು ಅರ್ಜಿ ಬರೆದರೆ ಇವರದು ಎಂಟು, ಸಂತೆಯ ದಿನ ಹತ್ತು. ಮೊಣಕಾಲು ಹಿಡಿದಿವೆ, ಬಲಗಣ್ಣಿಗೆ ಪೊರೆ ಬಂದಿದೆ. ಹೆಂಡತಿ ಮಾದೇವಿ ಕಟ್ಟಿಕೊಟ್ಟ ರೊಟ್ಟಿ ಎಷ್ಟೋ ದಿನ ಸಂಜೆಗೆ ಹಾಗೇ ವಾಪಸ್ಸು ಹೋಗುತ್ತದೆ. ಈಗೀಗ ಜನ ಫೋನಿನಲ್ಲೇ ಮಾತಾಡಿ ಬೇರೆ ಭಾಷೆಗೆ ತಿರುಗಿಸಿಕೊಳ್ಳುತ್ತಾರಲ್ಲ ಎಂದೆ. "ಶಾಣ್ಯಾ ಐತ್ರಿ ಫೋನು. ಹೇಳಿದ್ದೆಲ್ಲಾ ತಿರುಗಸ್ತೈತಿ. ತಿರುಗಿ ಕೇಳಂಗಿಲ್ಲ" ಎಂದರು.

ಮೂರನೆಯ ದಿನ ಹನ್ನೊಂದು ಗಂಟೆಗೆ ಹಲೀಮಾಬಿ ಬಂದರು. ಐವತ್ತೆಂಟು ವರ್ಷದ ಈಕೆ ಜಮಖಾನೆ ನೇಯುತ್ತಾರೆ. ನೇಯ್ದದ್ದೆಲ್ಲ ಇಷ್ಟು ವರ್ಷ ವ್ಯಾಪಾರಿಗಳ ಹೆಸರಿನಲ್ಲೇ ಮಾರಾಟವಾಗಿದೆ. ಕುಶಲಕರ್ಮಿಯ ಗುರುತಿನ ಚೀಟಿ ಸಿಕ್ಕರೆ ಪ್ರದರ್ಶನಗಳಲ್ಲಿ ತನ್ನ ಹೆಸರಿನ ಹಲಗೆ ಹಾಕಿಕೊಂಡು ತಾನೇ ಕೂರಬಹುದು. ಆ ಚೀಟಿಯ ಅರ್ಜಿ ಎರಡು ಸಲ ಕಚೇರಿಯ ಕಿಟಕಿಯಿಂದಲೇ ತಿರುಗಿ ಬಂದಿತ್ತು. ಯಾವ ಕಚೇರಿ ಎಂದು ಹೆಸರು ಹಾಕಬೇಡಿ ಅಂತ ಉಡಚಪ್ಪ ಕೈ ಮುಗಿದಿದ್ದಾರೆ, ಹಾಕುವುದಿಲ್ಲ. ಅರ್ಜಿಯಲ್ಲಿ ಒಂದು ಚೌಕ ಖಾಲಿ ಇತ್ತು: ಕಸುಬು ಕಲಿಸಿದವರ ಹೆಸರು. ಕಿಟಕಿಯ ಗುಮಾಸ್ತರು, "ಏನರ ಒಂದ್ ಹೆಸರ ತುಂಬಿಸ್ಕೊಂಡು ಬರ್ರಿ, ಇವತ್ತ ಕಡೀ ದಿನ" ಎಂದು ಕಳಿಸಿದ್ದರು.

"ಯಾರು ಕಲಿಸಿದ್ರು ಹಲೀಮಾಬಿ?" ಎಂದು ಉಡಚಪ್ಪ ಕೇಳಿದರು.

"ಯಾರೂ ಕಲಿಸಿಲ್ರಿ ಅಣ್ಣಾರ."

"ಕಲ್ತೀರಲ್ಲ?"

"ಕಲ್ತೇನಿ. ಯಾರೂ ಕಲಿಸಿಲ್ಲ."

ಉಡಚಪ್ಪ ಪೆನ್ನು ಕೆಳಗಿಟ್ಟು ನನ್ನ ಕಡೆ ತಿರುಗಿದರು. "ಕನ್ನಡದಾಗ ಕಲಿ, ಕಲಿಸು. ಉರ್ದುದಾಗ ಸೀಖ್, ಸಿಖಾ. ಮರಾಠಿಯೊಳಗ ಶಿಕ್, ಶಿಕವ್. ಎಲ್ಲಾ ಕಡೆ ಒಂದರ ಬಾಲಕ್ಕ ಇನ್ನೊಂದ ಕಟ್ಟೇತಿ. ಇವ್ರದು ಒಂದ ಐತಿ, ಇನ್ನೊಂದ ಇಲ್ಲ. ಏನ್ ಬರೀಲ್ರಿ ಸರ?" ಅವರ ತಾಯಿ ನೇಯುತ್ತಿದ್ದರೇ ಎಂದು ಕೇಳಿ ನೋಡಿ ಅಂದೆ. ನೇಯುತ್ತಿದ್ದರಂತೆ. ಹೊತ್ತು ಮೀರುತ್ತಿದೆ ಎಂದು ಉಡಚಪ್ಪ "ತಾಯಿ ಜೈತುನಬಿ ಕಲಿಸಿದರು" ಎಂದು ಬರೆದು, ರೂಢಿಯಂತೆ ಉರ್ದುವಿನಲ್ಲಿ ಓದಿ ಹೇಳಿದರು.

ಸಹಿಗೆ ಪೆನ್ನು ಹಿಡಿದಿದ್ದ ಹಲೀಮಾಬಿ ಕೈ ಹಿಂದಕ್ಕೆ ಎಳೆದುಕೊಂಡರು. "ಅಮ್ಮ ಕಲಿಸಿಲ್ರಿ! ನಮ್ಮ ಮನ್ಯಾಗ ಸೊಸ್ತೇರಿಗೆ ಕಲಿಸ್ತಾರ, ಹೆಣ್ಣಮಕ್ಕಳಿಗೆ ಕಲಿಸಂಗಿಲ್ಲ. ಹೆಣ್ಣಮಗಳು ಇನ್ನೊಬ್ರ ಮನಿಗೆ ಹೋಕ್ಕಾಳ, ನಕ್ಷಿನೂ ಅಲ್ಲಿಗೆ ಹೋಕ್ಕೈತಿ ಅಂತ. ಅಮ್ಮ ಆಕಿ ಅತ್ತಿಗೆ ಮಾತ ಕೊಟ್ಟಿದ್ಲು. ನಾ ಹೋಗಿ ಮಗ್ಗದ ಮುಂದ ನಿಂತ್ರ ನೀರಿಗೆ ಕಳಸಾಕಿ. ಈಗ ಕಬರಸ್ತಾನದಾಗ ಮಲಗ್ಯಾಳ, ಆಕಿನ್ನ ಸುಳ್ಳಿ ಮಾಡ್ಲ್ಯಾ? ಚೀಟಿ ಬರದಿದ್ರ ಬ್ಯಾಡ."

"ಹಂಗಾರ ಕಲ್ತದ್ದು ಹೆಂಗ?"

"ಹರಕ ಜಮಖಾನಿ ಬಿಚ್ಚಿ. ಹಿಂದಿನ ಖೋಲ್ಯಾಗ ಬಿದ್ದಿರ್ತಿದ್ದವು. ಅಮ್ಮ ಹೊರಗ ಹೋದಾಗ ಒಂದೊಂದ ಎಳಿ ಬಿಚ್ಚಿ ಎಣಸ್ತಿದ್ದೆ, ಮತ್ತ ಹಂಗ ಹೆಣೀತಿದ್ದೆ."

"ಬಿದ್ದಿರ್ತಿದ್ದವು?"

"ಹೌದ್ರಿ."

"ತಾವ ಬಂದು ಬಿದ್ದಿದ್ವು?" ಎಂದರು ಉಡಚಪ್ಪ. "ಇಟ್ಟವ್ರು ಯಾರು?"

ಹಲೀಮಾಬಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಹರಕಿನದೇನು ಲೆಕ್ಕ, ಎಲ್ಲರ ಮನೆಯಲ್ಲೂ ಇರುತ್ತವೆ ಅನ್ನುವ ಮುಖ ಮಾಡಿದರು. ನಿಮ್ಮ ಓಣಿಯಲ್ಲಿ ಬೇರೆ ಯಾರ ಮನೆಯಲ್ಲಿ ಇದ್ದವು ಎಂದು ಉಡಚಪ್ಪ ಕೇಳಿದರು. "ಯಾರ ಮನ್ಯಾಗೂ ಇಲ್ಲ. ಪಾತ್ರಿ ಮಾರಾಕಿ ಬಂದ್ರ ಹರಕ ಕೊಟ್ಟು ಗಂಗಾಳ ತಗೋತಿದ್ರು" ಎಂದವರು ಅಲ್ಲಿಗೇ ನಿಂತರು. ಆಮೇಲೆ ತಮಗೆ ತಾವೇ ಹೇಳಿಕೊಳ್ಳುವಂತೆ ಮೆಲ್ಲಗೆ ಹೇಳಿದರು: "ಮೊದಲ ಬರೇ ಪಟ್ಟಿದು ಇತ್ತು. ಅದು ನನಗ ಹೆಣ್ಯಾಕ ಬಂದ ಮ್ಯಾಲ ಪಗಡಿ ಹಾಸಿಂದು. ನವಿಲಿಂದು ಕಡೀಕ... ಕಠಿಣ ಅದು, ಕಡೀಕ ಇತ್ತು."

ಟೇಬಲ್ಲಿನ ಕಾಲು ಹಿಡಿದುಕೊಂಡು ಅವರು ನೆಲಕ್ಕೆ ಕೂತರು. ಸೆರಗು ಬಾಯಿಗೆ ಹೋಯಿತು. ನನ್ನ ಕಣ್ಣಲ್ಲೂ ನೀರು ಬಂತು, ಮುಚ್ಚಿಡುವುದೇಕೆ?

"ನಾ ಬಿಚ್ಚೂದು ಅಮ್ಮಗ ಗೊತ್ತಿತ್ತೇನ್ರಿ ಅಣ್ಣಾರ?"

"ನನಗ ಹೆಂಗ ತಿಳೀಬೇಕವಾ? ನನಗೂ ತಿಳೀವಲ್ದು."

"ಕಲಿಸ್ಯಾಳ ಅಂತ ಬರೀಬ್ಯಾಡ್ರಿ. ಕಲಿಸಿಲ್ಲ ಅಂತನೂ ಬರೀಬ್ಯಾಡ್ರಿ."

ನಲವತ್ತೊಂದು ವರ್ಷ ಅರ್ಜಿ ಬರೆದವರು ಎರಡು ಸಾಲಿಗೆ ಒಂದು ತಾಸು ತೆಗೆದುಕೊಂಡರು. ಮೂರು ಹಾಳೆ ಹರಿದರು. ಉರ್ದುವಿನಲ್ಲಿ ಹೇಳಿ ನೋಡಿದರು, ಮರಾಠಿಯಲ್ಲಿ ಗೊಣಗಿದರು, ಏನೂ ಬಗೆಹರಿಯದೆ ತಲೆ ಕೆರೆದುಕೊಂಡರು. ಕೊನೆಗೆ ಆ ಚೌಕದಲ್ಲಿ ಹಿಡಿಸದೆ ಹಾಳೆಯ ಅಂಚಿಗೆ ಚಾಚಿದ ಎರಡು ಸಾಲು ಬಂದವು: "ಹರಿದ ಜಮಖಾನೆಗಳನ್ನು ನನ್ನ ತಾಯಿ ಜೈತುನಬಿ ಮನೆಯಲ್ಲಿ ಇಡುತ್ತಿದ್ದರು. ಅವುಗಳನ್ನು ಬಿಚ್ಚಿ ನಾನು ಕಲಿತೆನು." ಎರಡು ಸಲ ಓದಿ ಹೇಳಿದರು. ಮೂರನೆಯ ಸಲ ಓದಿರಿ ಎಂದು ಹಲೀಮಾಬಿಯೇ ಕೇಳಿದರು, ಆಮೇಲೆ ಸಹಿ ಹಾಕಿದರು.

ಕಿಟಕಿಯ ಗುಮಾಸ್ತರು ಓದಿ ಹುಬ್ಬೇರಿಸಿದರು. "ಹೆಸರ ಕೇಳಿದ್ರ ಕಥಿ ಬರದೀರಲ್ರಿ?" ಮೊಣಕಾಲು ನೋವನ್ನೂ ಲೆಕ್ಕಿಸದೆ ಜೊತೆಗೆ ಬಂದಿದ್ದ ಉಡಚಪ್ಪ, "ಹೆಸರ ಐತ್ರಿ ಸಾಹೇಬ್ರ, ಮೊದಲ್ನೇ ಸಾಲಿನ್ಯಾಗ ಐತಿ" ಎಂದರು. ಗುಮಾಸ್ತರು ಇನ್ನೊಮ್ಮೆ ಓದಿದರು. ಹಲೀಮಾಬಿಯ ಮುಖ ನೋಡಿದರು. ಅವರಿಗೆ ಏನು ಅನ್ನಿಸಿತೋ, ಮೊಹರು ಒತ್ತಿ, ಸ್ವೀಕೃತಿ ಹರಿದು ಕೊಟ್ಟರು. ಈ ಲೇಖನ ಅಚ್ಚಿಗೆ ಹೋಗುವ ಹೊತ್ತಿಗೆ ಚೀಟಿ ಬಂದಿಲ್ಲ, ಅರ್ಜಿ ತಿರುಗಿಯೂ ಬಂದಿಲ್ಲ.

ಮನೆಗೆ ಹೊರಟ ಹಲೀಮಾಬಿ ನಾಲ್ಕು ಹೆಜ್ಜೆ ಹೋಗಿ ಮರಳಿ ಬಂದರು. "ನನ್ನ ಮಗಳು ಫರಹತ್ ಅದಾಳಲ್ರಿ, ಆಕಿಗೆ ನಾ ಕಲಿಸಿಲ್ಲ. ಹರಕನೂ ಒಂದ ಇಟ್ಟಿಲ್ಲ, ಎಲ್ಲಾ ಪಾತ್ರಿಯವರಿಗೆ ಹಾಕೇನಿ" ಎಂದರು. ಬಿಸಿಲಿನಲ್ಲಿ ಆಕೆ ಓಣಿ ತಿರುಗುವವರೆಗೆ ಉಡಚಪ್ಪ ನೋಡುತ್ತಾ ನಿಂತಿದ್ದರು.

ಇಂಥ ಲೇಖನದ ಕೊನೆಗೆ ಕೇಳಲೇಬೇಕಾದ ಪ್ರಶ್ನೆಯನ್ನು ನಾನೂ ಕೇಳಿದೆ: ನಿಮ್ಮ ಆಸೆ ಏನು? ಬೆನ್ನಿಗೆ ಆಸರೆ ಇರುವ ಒಂದು ಕುರ್ಚಿ ಅನ್ನುತ್ತಾರೇನೋ ಅಂದುಕೊಂಡಿದ್ದೆ. ಉಡಚಪ್ಪ ಹಲೀಮಾಬಿ ಹೋದ ಓಣಿಯ ಕಡೆ ಕೈ ತೋರಿಸಿದರು.

"ಒಂದಿನ ಆ ಹುಡಿಗಿ ಫರಹತ್ ಇದ ಅರ್ಜಿ ಹಿಡ್ಕೊಂಡು ಬರಬೇಕ್ರಿ. ಕಲಿಸಿದವ್ರು ಯಾರವಾ ಅಂತ ನಾ ಕೇಳಬೇಕು. ಆಕಿ ಒಂದಿಷ್ಟೂ ತಡಾ ಮಾಡದ 'ನಮ್ಮ ಅಮ್ಮ' ಅನಬೇಕು. ಅಷ್ಟ ಬರದು ಪೆನ್ನ ಇಟ್ಟಬಿಡ್ತೇನ್ರಿ."