ರುಖಿಯಾ ಉಮ್ಮ ಹೊರಟರೆ ಊರಿಗೆ ಗಾಬರಿ

ನಸುಕಿನ ಸುಬಹಿ ನಮಾಜಿನ ಬಾಂಗ್ ಮುಗಿದು ಸ್ವಲ್ಪ ಹೊತ್ತಾಗಿದೆ. ಶಿರಿಯದ ಹೊಳೆಬದಿಯ ಮನೆಯೊಂದರ ಹಿತ್ತಲಲ್ಲಿ ಹಳೆಯ ಬೆಡ್‌ಶೀಟುಗಳ ಮರೆ ಕಟ್ಟಿದ್ದಾರೆ. ಒಳಗೆ ರುಖಿಯಾ ಉಮ್ಮ ಬಕೆಟ್ಟಿನ ನೀರಿಗೆ ಮೊಣಕೈ ತಾಗಿಸಿ ಬಿಸಿ ನೋಡುತ್ತಾರೆ, ಎಳೆ ಮಗುವಿಗೆ ನೋಡುವ ಹಾಗೆ. ಮುಂದೆ ಹಲಗೆಯ ಮೇಲೆ ಮಲಗಿರುವುದು ಈ ಮನೆಯ ಅಜ್ಜಿ, ನಿನ್ನೆ ತೀರಿಕೊಂಡ ಬೀಫಾತುಮ್ಮ.

"ನೀರು ಸುಡಬಾರ್ದು. ಸತ್ತವರಿಗೆ ನೋವಾಗುದಿಲ್ಲ ಅಂತ ನೋಡಿ ಬಂದವರು ಯಾರುಂಟು?" ಎನ್ನುತ್ತಾರೆ.

ತೀರಿಕೊಂಡ ಹೆಂಗಸರನ್ನು ಹೆಂಗಸರೇ ಮೀಯಿಸಬೇಕು. ಶಿರಿಯದಿಂದ ಬಂದ್ಯೋಡಿನವರೆಗೆ ಆ ಕೆಲಸ ರುಖಿಯಾ ಉಮ್ಮನದು. ಬಲಗಡೆಯಿಂದ ಶುರು, ಕೊನೆಯ ನೀರಿಗೆ ಕರ್ಪೂರ, ಕೂದಲಿಗೆ ಮೂರು ಜಡೆ, ಆಮೇಲೆ ಬಿಳಿ ಬಟ್ಟೆ. ಮರೆಯೊಳಗೆ ಕಂಡದ್ದನ್ನು ಹೊರಗೆ ಬಾಯಿ ಬಿಡುವಂತಿಲ್ಲ. ಅತ್ತೆಯಿಂದ ಕಲಿತ ಕೆಲಸ. ಇದುವರೆಗೆ ಎಷ್ಟು ಜನ ಎಂದು ಕೇಳಿದರೆ ನಗುತ್ತಾರೆ. "ಲೆಕ್ಕ ಅಲ್ಲಾಹು ಇಡ್ತಾನೆ. ನನಗೆ ಎಂತಕ್ಕೆ?"

ಇಷ್ಟು ಬೇಕಾದವರನ್ನು ಊರು ನೋಡಲು ಹೆದರುತ್ತದೆ. ಹಾಲು ತರಲು ಹೊರಟರೂ ಜಗಲಿ ಜಗಲಿಯಿಂದ ಒಂದೇ ಪ್ರಶ್ನೆ: "ಯಾರು ಹೋದದ್ದು, ಉಮ್ಮ?" ಮದುವೆಗೆ ಕರೆಯುತ್ತಾರೆ, ಬಿರಿಯಾನಿಯನ್ನೂ ಧಾರಾಳವಾಗಿ ಬಡಿಸುತ್ತಾರೆ. ಮದುಮಗಳ ಕೋಣೆಗೆ ಮಾತ್ರ ಯಾರೂ ಕರೆದೊಯ್ಯುವುದಿಲ್ಲ.

ಇಪ್ಪತ್ತು ವರ್ಷದ ಹಿಂದೆ ಇದೇ ಬೀಫಾತುಮ್ಮನ ಮನೆಯಲ್ಲಿ ಮೊಮ್ಮಗಳು ಹುಟ್ಟಿದ್ದಳು. ಮಗುವಿಗೊಂದು ಅಂಗಿ ಹೊಲಿದು, ಮೀಯಿಸಲು ಹೋಗುವಾಗ ಒಯ್ಯುವ ಕೈಚೀಲದಲ್ಲಿಟ್ಟು, ರುಖಿಯಾ ಉಮ್ಮ ಬೆಳಿಗ್ಗೆಯೇ ಹೊರಟರು. ಬೀಫಾತುಮ್ಮ ಆಗ ಜ್ವರದಿಂದ ಮಲಗಿದ್ದರು. ಚೀಲ ಕಂಡ ಊರು ತಾನೇ ತೀರ್ಮಾನ ಮಾಡಿತು. ಅಂಗಡಿ ಬಾಗಿಲು ಹಾಕಿದರು, ಅಂಗಳಕ್ಕೆ ಕುರ್ಚಿಗಳೂ ಬಂದು ಇಳಿದವು. ಗಲಾಟೆಗೆ ಎದ್ದು ಬಂದ ಬೀಫಾತುಮ್ಮ, "ನಾನಿನ್ನೂ ಉಂಟಲ್ಲ ಮಾರಾಯ್ರೆ!" ಎಂದರು. ಊರೆಲ್ಲ ನಕ್ಕಿತು. ಮನೆಯವರು ಮಾತ್ರ ನಗಲಿಲ್ಲ. "ಇನ್ನೊಂದು ದಿನ ಬನ್ನಿ" ಎಂದು ಗೇಟಿನಲ್ಲೇ ಹೇಳಿ ಕಳಿಸಿದರು. ಆ ಇನ್ನೊಂದು ದಿನ ಬರಲೇ ಇಲ್ಲ. ಅಂಗಿ ಇನ್ನೂ ಕಪಾಟಿನಲ್ಲಿದೆ.

ರುಖಿಯಾ ಉಮ್ಮನಿಗೆ ಮಕ್ಕಳಿಲ್ಲ. ಗಂಡ ಪೊಕ್ಕರ್ ತೀರಿಹೋಗಿ ಬಹಳ ಕಾಲವಾಯಿತು. ಈಗ ಮಂಡಿ ಮಡಚುವುದಿಲ್ಲ, ಕೊಡ ಎತ್ತಿದರೆ ಕೈ ನಡುಗುತ್ತದೆ. ಕಲಿಯಲು ಬನ್ನಿ ಎಂದು ಎಷ್ಟೋ ಜನರನ್ನು ಕೇಳಿದ್ದಾರೆ. ಎಲ್ಲರಿಗೂ ಹೆದರಿಕೆ. "ಎಲ್ಲರನ್ನೂ ಮೀಯಿಸಿದೆ. ನನ್ನನ್ನು ಮೀಯಿಸುದು ಯಾರು? ಪ್ರತಿ ನಮಾಜಿನಲ್ಲಿ ಅದೊಂದೇ ಕೇಳುದು. ಕೊಡುವವನಿಗೆ ಹೊತ್ತು ಗೊತ್ತುಂಟು, ಕೇಳುವವಳಿಗೆ ಇಲ್ಲ." ಒಂಟಿ ಮನೆಯಲ್ಲಿ ಈ ಪ್ರಶ್ನೆಯೊಂದಿಗೆ ದಿನ ಕಳೆಯುವುದು ಸುಲಭವಲ್ಲ.

ಇವತ್ತು ಮರೆಯ ಬೆಡ್‌ಶೀಟು ಸರಿಯುತ್ತದೆ. ಅತ್ತು ಅತ್ತು ಕಣ್ಣು ಊದಿಸಿಕೊಂಡ ಹುಡುಗಿಯೊಬ್ಬಳು ನಿಂತಿದ್ದಾಳೆ. ಬೀಫಾತುಮ್ಮನ ಮೊಮ್ಮಗಳು ಹಿಬಾ, ಅಂದು ನೋಡಲು ಸಿಗದ ಮಗು.

"ನೀರು ನಾನು ಹೊಯ್ಲಾ?"

"ಹೆದರಿಕೆ ಆಗುದಿಲ್ವಾ ಮಗಳೇ?"

"ಆಗ್ತದೆ. ಆದ್ರೆ ನನ್ನ ಉಮ್ಮಾಮ ಅಲ್ವಾ."

ಹಿಬಾ ತಂಬಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಬಲಗಡೆಯಿಂದ ನೀರು ಹೊಯ್ಯುತ್ತಾಳೆ. ಅಜ್ಜಿಯ ಮೂರನೆಯ ಜಡೆಯನ್ನು ಅವಳೇ ಹೆಣೆಯುತ್ತಾಳೆ. ಎಲ್ಲ ಮುಗಿದ ಮೇಲೆ ಬಾವಿಕಟ್ಟೆಯ ಬಳಿ ಮೆಲ್ಲಗೆ ಹೇಳುತ್ತಾಳೆ: "ಇನ್ನು ಹೋಗುವಾಗ ನನ್ನನ್ನೂ ಕರೀರಿ."

ರುಖಿಯಾ ಉಮ್ಮ ಮನೆಗೆ ಬಂದು ಚೀಲವನ್ನು ಗೂಟಕ್ಕೆ ಸಿಕ್ಕಿಸುತ್ತಾರೆ. "ಅವತ್ತು ಗೇಟಿನಿಂದ ವಾಪಸು ಬರುವಾಗ ತುಂಬಾ ಅತ್ತಿದ್ದೆ. ಆ ಮಗುವನ್ನು ತೋರಿಸ್ಲಿಕ್ಕೆ ಅಲ್ಲಾಹು ಇವತ್ತಿನ ದಿನ ಇಟ್ಟಿದ್ದ, ನೋಡಿ." ಆಮೇಲೆ ತಲೆಗೆ ಹೊದ್ದ ತಟ್ಟ ಸರಿಸಿ ತಮ್ಮ ತೆಳ್ಳಗಿನ ಬಿಳಿ ಕೂದಲನ್ನು ಸವರಿಕೊಳ್ಳುತ್ತಾರೆ.

"ನನ್ನದು ಮೂರು ಜಡೆಗೆ ಸಾಕಾಗುದೂ ಕಷ್ಟ. ಹುಡುಗಿಗೆ ಹೆಚ್ಚು ಹೊತ್ತು ಹಿಡೀಲಿಕ್ಕಿಲ್ಲ."