ಕಪ್ಪುರದ ವಾಸನೆಯ ವಸ್ತರಾ

ಮೊನ್ನೆ ತೊಗರಿಬೇಳೆಯನ್ನು ಮೊರಕ್ಕೆ ಹಾಕಿಕೊಂಡು ಹಳ್ಳು ಆರಿಸುತ್ತ ಕೂತಿದ್ದೆ. ಉದಗೀರದಿಂದ ಕಾಕಾನ ಮಗಳು ಗಂಗೂನ ಫೋನು ಬಂತು.

"ಅಕ್ಕಾ, ಮುತ್ತ್ಯಾ ಗಡ್ಡ ಕೆರಕೊಳ್ಳೋ ವಸ್ತರಾ ನೆನಪದ ಏನು? ಅಪ್ಪನ ಟ್ರಂಕಿನ್ಯಾಗ ಸಿಕ್ಕದ ನೋಡು. ಬೆಳ್ಳನ ಹಿಡಿ!"

ಮೊರ ಕೆಳಗಿಟ್ಟೆ. ಆ ವಸ್ತರಾ ಮಾಕಣಿ ಡ್ಯಾಮಿನ ನೀರೊಳಗೆ ಇರಬೇಕಾಗಿತ್ತು.

ನಾವು ಸಣ್ಣವರಿದ್ದಾಗ ದಾಳಿಂಬ ಊರಿನ ಮನೆಯಲ್ಲಿ ಚಳಿಗಾಲವೆಂದರೆ ಸೀತನಿಯ ಕಾಲ. ಹೊಲದಲ್ಲೇ ಕುಳ್ಳಿನ ಬೆಂಕಿ ಹಾಕಿ ಎಳೆ ಜೋಳದ ತೆನೆ ಸುಡುತ್ತಿದ್ದರು. ಕಾಕಾ ಬಿಸಿ ತೆನೆಯನ್ನು ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ, ಮೊದಲ ಹಿಡಿ ಕಾಳು ನನಗೇ ಕೊಡುತ್ತಿದ್ದ, ಮೇಲೊಂದಿಷ್ಟು ಶೇಂಗಾ ಹಿಂಡಿ. ಗಂಗೂ ಆಗಿನ್ನೂ ಹುಟ್ಟಿರಲಿಲ್ಲ. ನನ್ನ ಕಾಕಾನಂಥವರು ಯಾರಿಗೂ ಇಲ್ಲ ಅಂತ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ.

ಮುತ್ತ್ಯಾ ತೀರಿಹೋದ ಮೇಲೆ ಅವನ ವಸ್ತರಾವನ್ನು ಆಯಿ, ಅಂದರೆ ನಮ್ಮ ಅಜ್ಜಿ, ದೇವರ ಜಗಲಿಯ ಮೇಲೆ ವಿಭೂತಿ ಗಟ್ಟಿಯ ಮಗ್ಗುಲಿಗೆ ಇಟ್ಟುಕೊಂಡಿದ್ದಳು. ನಿಜಾಮನ ಕಾಲದ್ದು, ಹಿಡಿಗೆ ಹಾಲಿನ ಕೆನೆಯ ಬಣ್ಣ. ದಿನಾ ಸೆರಗಿನಿಂದ ಒರೆಸುವಳು. ಒರೆಸಿದಾಗ ಅದರಿಂದ ಸಣ್ಣಗೆ ಕಪ್ಪುರದ ವಾಸನೆ ಬರುತ್ತಿತ್ತು. ನಾನು ಮೂಸಿ ಮೂಸಿ ಕೊಡುತ್ತಿದ್ದೆ.

ಕಾಕಾ ಅದನ್ನು ತನಗೆ ಕೊಡು ಅಂತ ಕೇಳಿದ. "ನಿಮ್ಮಪ್ಪ ಹೋದಮ್ಯಾಲ ನನಗ ಉಳಿದಿದ್ದು ಅದೊಂದ," ಅಂತ ಆಯಿ ಕೊಡಲಿಲ್ಲ. ಸೀತನಿ ಮುಗಿಯುವ ಹೊತ್ತಿಗೆ ಮತ್ತೆ ಬಂದ. ಈ ಸಲ ಕೇಳಲಿಲ್ಲ.

"ಅವ್ವಾ, ಈ ಹಿಡಿ ಎಲುಬಿಂದು. ಪ್ಯಾಟ್ಯಾಗ ವಿಚಾರಿಸಿ ಬಂದೀನಿ. ಲಿಂಗ ಕಟ್ಟಿದವರ ಮನ್ಯಾಗ, ಜಗಲಿ ಮ್ಯಾಲ, ಎಲುಬು ಇಟ್ಟೀಯಲ್ಲ!"

ಆಯಿ ಎರಡೂ ಅಂಗೈಯನ್ನು ಸೆರಗಿಗೆ ಒರೆಸಿಕೊಂಡಳು. ನಾನೇ ಬಾಯಿ ಹಾಕಿದೆ: "ಕಾಕಾ, ಎಲುಬಿಗಿ ಕಪ್ಪುರದ ವಾಸನಿ ಎಲ್ಲಿಂದ ಬರ್ತದ?"

"ಕಪ್ಪುರದ ಡಬ್ಬಿ ಬಾಜೂಕ ನಿನ್ನ ಇಟ್ರ ನಿನಗೂ ಬರ್ತದ, ಹುಚ್ಚಿ!" ಎಂದು ನನ್ನ ಮೂಗು ಹಿಂಡಿದ. ನಾನೂ ನಕ್ಕೆ. ಕಾಕಾ ಹೇಳಿದ ಮೇಲೆ ಮುಗೀತು.

ಮಾಕಣಿ ಡ್ಯಾಮಿನ ನೀರಿಗೆ ಬಿಟ್ಟು ಬರ್ತೀನಿ ಅಂತ ಟಾವೆಲಿನಲ್ಲಿ ಸುತ್ತಿಕೊಂಡು ಹೋದ.

ಅಂದಿನಿಂದ ಆಯಿ ಇಷ್ಟಲಿಂಗವನ್ನು ಕೈಗೆ ತೆಗೆದುಕೊಳ್ಳುವ ಮುಂಚೆ ಒಲೆಯ ಬೂದಿ ಹಾಕಿ ಅಂಗೈ ತಿಕ್ಕತೊಡಗಿದಳು. "ಎಲುಬು ಹಿಡದ ಕೈಯಾಗ ಶಿವನ್ನ ಹ್ಯಾಂಗ ಕೂಡ್ಸಲಿ?" ಮನೆಗೆ ಬಂದ ಅಯ್ಯನವರು, "ತಿಳೀಲಾರದ ಆಗೇದ, ಬಿಡ್ರಿ ಅವ್ವಾರ," ಅಂದರೂ ಬಿಡಲಿಲ್ಲ. ಚಳಿಗೆ ಅಂಗೈ ಒಡೆದು ರಕ್ತ ಬರುತ್ತಿತ್ತು. ನೀರು ಹಾಕುವವಳು ನಾನು. ಸಾಯುವ ತನಕ ತಿಕ್ಕಿದಳು.

"ಅಕ್ಕಾ, ಕೇಳ್ಲಿಕತ್ತೀ ಏನು?" ಗಂಗೂ ಫೋನಿನಲ್ಲಿ ಕರೆದಳು. "ಹಳೀ ಸಾಮಾನು ತಗೊಳ್ಳವನಿಗಿ ತೋರ್ಸಿದೆ. ಎಲುಬಿದ್ರ ಸಣ್ಣ ಕರೀ ಚುಕ್ಕಿ ಇರ್ತಾವಂತ. ಆನಿ ದಂತ ಇದ್ರ ಮೀನಿನ ಬಲಿ ಹೆಣೆದಂಗ ಗೆರಿ. ಇದರಾಗ ಎರಡೂ ಇಲ್ಲ. ಹೆಬ್ಬಟ್ಟಿಲೆ ಗಟ್ಟಿ ತಿಕ್ಕಿ ಮೂಸಿದ. ಆಗ ಕಪ್ಪುರ ಕೂಡ್ಸಿ ಮಾಡ್ತಿದ್ದ ಪ್ಲಾಸ್ಟಿಕ್ಕಿನಂಥಾದ್ದಂತ!"

"ನಿಮ್ಮಪ್ಪ ಏನಂದ?"

"ನಗಲಿಕತ್ತಾನ. ನನಗ ಆಗಳೇ ಗೊತ್ತಿತ್ತು, ಎಲುಬು ಅನ್ನಲಾರದ ನಮ್ಮವ್ವ ಬಿಡ್ತಿದ್ದಿಲ್ಲ ಅಂತಾನ."

ಅವಳೂ ನಕ್ಕಳು. ಆಯಿಯ ಅಂಗೈಯನ್ನು ಅವಳು ನೋಡಿಲ್ಲ. "ಒಲಿ ಮ್ಯಾಲ ಹಾಲು ಅದ," ಎಂದು ಫೋನಿಟ್ಟೆ. ಹಾಲು ಇರಲಿಲ್ಲ.

ಆಯಿ ಇದನ್ನು ಕೇಳದೆ ಹೋದಳಲ್ಲ, ಅಷ್ಟು ಶಿವನ ದಯೆ. ಅವಳ ಕೈಗೆ ಎಲುಬು ತಾಕಿರಲಿಲ್ಲ, ಅದೂ ದಯೆಯೇ. ಆದರೆ ಕಷ್ಟ ಬಂದಾಗಲೆಲ್ಲ ನಾನು ಕಣ್ಣು ಮುಚ್ಚಿ ನೆನೆಯುತ್ತಿದ್ದದ್ದು ಕಾಕಾ ಊದಿ ಕೊಟ್ಟ ಆ ಸೀತನಿಯನ್ನು. ಇನ್ನು ಅದನ್ನು ನೆನೆಯಲಾರೆ. ಆಯಿ ಬಚ್ಚಲ ಕಲ್ಲಿನ ಮೇಲೆ ಕೂತು ಅಂಗೈ ತಿಕ್ಕುವಾಗ ಅಂವಾ ಅಲ್ಲೇ ಕಟ್ಟೆಯ ಮೇಲೆ ಚಹಾ ಕುಡಿಯುತ್ತ ನೋಡುತ್ತಿದ್ದ. ಅದು ಮಾತ್ರ ಕಣ್ಣಿಗೆ ಕಟ್ಟುತ್ತದೆ.

ಉಳಿದ ಬೇಳೆ ಆರಿಸಿ, ತೊಳೆದು, ಬೇಯಲು ಇಟ್ಟೆ. ಆಮೇಲೆ ಜೋಳದ ಹಿಟ್ಟಿಗೆ ಬಿಸಿನೀರು ಹಾಕಿಕೊಂಡು ಅಂಗೈಯಿಂದ ನಾದುತ್ತ ಕೂತೆ.